ಹೆರಿಗೆ ಡಾಕ್ಟರಿಗೆ ಮಕ್ಕಳ ಡಾಕ್ಟರ ಪಾಠ: ಎರಡು ದಿನದ ಕಾರ್ಯಾಗಾರ ಹೇಗಿತ್ತು?

ನನ್ನದು ರಾಣೆಬೆನ್ನೂರು ಕಡೆಯ ಒಂದು ಸಣ್ಣ ನರ್ಸಿಂಗ್ ಹೋಂ. ಹೆರಿಗೆ, ಸಿಸೇರಿಯನ್, ಗರ್ಭಕೋಶದ ಆಪರೇಷನ್, ಇಷ್ಟೇ ನಮ್ಮ ಕೆಲಸ. ಮಕ್ಕಳ ಡಾಕ್ಟರು ಫೋನ್ ಮಾಡಿದರೆ ಬರುತ್ತಾರೆ. ಅನಸ್ತೇಷಿಯಾದವರು ಕೇಸ್ ಇದ್ದಾಗ ಬರುತ್ತಾರೆ. ಮಗು ಮಾತ್ರ ಯಾರನ್ನೂ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಬೇರೆ ವಿಭಾಗದವರು ಬಂದು ಸ್ತ್ರೀರೋಗ ತಜ್ಞರಿಗೆ ಕಲಿಸುವ ಕಾರ್ಯಾಗಾರ ಹುಬ್ಬಳ್ಳಿಯಲ್ಲಿದೆ ಎಂದು ತಿಳಿದ ಕೂಡಲೇ ಹೆಸರು ಕೊಟ್ಟೆ. ಫೀಸು 6,000 ರೂಪಾಯಿ, ಊಟ ಸೇರಿ. ನಡೆಸಿದವರ ಹೆಸರು ಹಾಕುವುದಿಲ್ಲ, ಕೆಳಗೆ ಒಂದಿಷ್ಟು ಬೈಗುಳವೂ ಇದೆ.

ಮೊದಲ ದಿನದ ಬೆಳಿಗ್ಗೆಯ ಸೆಷನ್‌ಗೇ ಕೊಟ್ಟ ದುಡ್ಡು ವಸೂಲಾಯಿತು. ನವಜಾತ ಶಿಶುವಿಗೆ ಉಸಿರು ಕೊಡುವ ತರಬೇತಿ ಅದು. ಕಲಿಸಿದ ಮಕ್ಕಳ ಡಾಕ್ಟರು ಸ್ಲೈಡ್ ಹಾಕಲೇ ಇಲ್ಲ. ಗೊಂಬೆಯನ್ನು ಮೇಜಿನ ಮೇಲಿಟ್ಟು, "ಅಳ್ತಿಲ್ಲ, ಮೈ ಮೆತ್ತಗಿದೆ, ಏನ್ಮಾಡ್ತೀರಿ ಮೇಡಂ?" ಎಂದು ಟೈಮರ್ ಒತ್ತಿದರು. ಒರೆಸಿ, ಬೆನ್ನು ಸವರಿ, ತಲೆ ಸರಿ ಮಾಡಿ, ಆಗಲೂ ಉಸಿರಾಡದಿದ್ದರೆ ಮೂಗು ಬಾಯಿಗೆ ಮಾಸ್ಕ್ ಇಟ್ಟು ಗಾಳಿ ಒತ್ತುವ ಬ್ಯಾಗ್ ಹಿಡಿಯಬೇಕು. ಇದೆಲ್ಲ ಮೊದಲ ಒಂದು ನಿಮಿಷದೊಳಗೆ. ಪುಸ್ತಕದಲ್ಲಿ ಎಲ್ಲರೂ ಓದಿರುವುದೇ. ಆದರೆ ನನ್ನ ಪಕ್ಕದಲ್ಲಿದ್ದ ಹಿರಿಯ ಮೇಡಂ, ಸಾವಿರಾರು ಸಿಸೇರಿಯನ್ ಮಾಡಿದ ಕೈ, ಬ್ಯಾಗ್ ಒತ್ತಿದರೆ ಗೊಂಬೆಯ ಎದೆ ಏಳಲೇ ಇಲ್ಲ. ಗಾಳಿಯೆಲ್ಲ ಮಾಸ್ಕಿನ ಪಕ್ಕದಿಂದ ಹೋಗುತ್ತಿತ್ತು.

ಅಲ್ಲಿ ಆ ಡಾಕ್ಟರು ಕೈಹಿಡಿದು ತಿದ್ದಿದ್ದು ನೋಡಬೇಕಿತ್ತು. ಮಾಸ್ಕನ್ನು ಮುಖಕ್ಕೆ ಅದುಮಬೇಡಿ, ಗದ್ದವನ್ನೇ ಮಾಸ್ಕಿನ ಕಡೆ ಎತ್ತಿ ಎಂದರು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ದವಡೆ ಮೂಳೆಯ ಕೆಳಗೆ. ಭುಜದಡಿ ಒಂದು ಇಂಚಿನಷ್ಟು ದಪ್ಪಕ್ಕೆ ಮಡಚಿದ ಬಟ್ಟೆ. "ಬ್ರೀದ್, ಟೂ, ತ್ರೀ" ಎಂದು ಬಾಯಲ್ಲಿ ಹೇಳುತ್ತಾ ಒತ್ತಿದರೆ ನಿಮಿಷಕ್ಕೆ 40ರಿಂದ 60 ಸಲ ತಾನಾಗಿ ಬರುತ್ತದೆ. ಮೇಡಂ ಎರಡನೇ ಸಲ ಒತ್ತಿದಾಗ ಎದೆ ಎದ್ದಿತು. ಎದೆ ಒತ್ತುವುದು, ಅಡ್ರಿನಲಿನ್ ಇವೆಲ್ಲ ಆಮೇಲಿನ ಮಾತು, ಹೆಚ್ಚಿನ ಮಕ್ಕಳಿಗೆ ಸರಿಯಾಗಿ ಗಾಳಿ ಹೋದರೆ ಸಾಕು ಎಂದು ಅವರು ಹೇಳುತ್ತಲೇ ಇದ್ದರು. ಮಗು ಹೊಟ್ಟೆಯೊಳಗೇ ಮಲ ಮಾಡಿ, ಆ ನೀರು ಕುಡಿದು ಸಪ್ಪಗೆ ಹುಟ್ಟಿದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಸಕ್ಷನ್ ಮಾಡುವ ರೂಢಿ 2015ರ ಮಾರ್ಗಸೂಚಿಯಲ್ಲೇ ಹೋಯಿತು. ನಮ್ಮಲ್ಲಿ ಕೆಲವರು ಇನ್ನೂ ಬಿಟ್ಟಿಲ್ಲ. ಅದನ್ನೂ ನಗುತ್ತಲೇ ಕುಟುಕಿದರು.

ಮಧ್ಯಾಹ್ನ ಅನಸ್ತೇಷಿಯಾದವರು. ತುಂಬು ಬಸುರಿಯ ಹೃದಯ ವಾರ್ಡಿನಲ್ಲಿ ನಿಂತುಹೋಗಿದೆ ಎಂದು ಡ್ರಿಲ್. ಎದೆ ಒತ್ತಲು ಒಬ್ಬರು, ಗರ್ಭಕೋಶವನ್ನು ಕೈಯಿಂದ ಎಡಕ್ಕೆ ತಳ್ಳಿ ಹಿಡಿಯಲು ಇನ್ನೊಬ್ಬರು. ನಾಲ್ಕು ನಿಮಿಷಕ್ಕೂ ಹೃದಯ ಹೊಡೆದುಕೊಳ್ಳದಿದ್ದರೆ ಐದನೇ ನಿಮಿಷಕ್ಕೆ ಮಗು ಹೊರಗೆ ಬರಬೇಕು, ಮೊದಲು ತಾಯಿಯ ಜೀವಕ್ಕಾಗಿ. ನಮ್ಮ ಗುಂಪಿನವರೆಲ್ಲ ಒಂದೇ ಉಸಿರಿಗೆ "ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಶಿಫ್ಟ್ ಮಾಡಿ" ಎಂದರು. ಅವರು ಟೈಮರ್ ತೋರಿಸಿ ಸುಮ್ನೆ ನಿಂತರು. ಇದ್ದ ಜಾಗದಲ್ಲೇ ಹೊಟ್ಟೆ ಕೊಯ್ದು ಮಗು ತೆಗೆಯಬೇಕು, ಒಂದು ಬ್ಲೇಡ್ ಸಾಕು ಎಂಬುದನ್ನು ಯಾರಿಗೂ ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ಎರಡನೇ ದಿನ ಯೂರಾಲಜಿ, ಅಂದರೆ ಮೂತ್ರಾಂಗದ ವಿಭಾಗದವರು. ಇಲ್ಲಿ ನನಗೆ ಬೇಜಾರಾಯಿತು. ಹಳೇ ಸಿಸೇರಿಯನ್ ಗಾಯ ಅಂಟಿಕೊಂಡಾಗ ಮೂತ್ರಚೀಲ ಹರಿಯುವುದು, ಗರ್ಭಕೋಶ ತೆಗೆಯುವಾಗ ಮೂತ್ರನಾಳಕ್ಕೆ ಪೆಟ್ಟಾಗುವುದು ನಮ್ಮ ದಿನದ ಭಯ. ನಾಳ ಗರ್ಭಕೋಶದ ರಕ್ತನಾಳದ ಅಡಿಯಲ್ಲೇ ಹಾದು ಹೋಗುತ್ತದಲ್ಲ, ಕ್ಲ್ಯಾಂಪ್ ಹಾಕುವಾಗ ಕೈ ನಡುಗುವುದು ಅಲ್ಲೇ. ಬಂದವರು ರೋಬಾಟ್ ಸರ್ಜರಿಯ ವಿಡಿಯೋ ಹಾಕಿದರು. ನಮ್ಮ ಓಟಿಯಲ್ಲಿ ಮೂತ್ರಚೀಲದ ಒಳಗೆ ನೋಡುವ ಸಿಸ್ಟೋಸ್ಕೋಪೇ ಇಲ್ಲ, ರೋಬಾಟ್ ಎಲ್ಲಿಂದ ತರೋದು? ಮೂತ್ರಚೀಲ ಹರಿದ ಅನುಮಾನ ಬಂದರೆ ಕ್ಯಾಥೆಟರ್‌ನಿಂದ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬಿ ಸೋರುತ್ತದಾ ನೋಡಿ ಎಂಬ ಕೆಲಸಕ್ಕೆ ಬರುವ ಮಾತು ಪ್ರಶ್ನೋತ್ತರದಲ್ಲಿ ಬಂತು, ಅದೂ ಒಬ್ಬರು ಕೆದಕಿ ಕೇಳಿದ ಮೇಲೆ. ಅಷ್ಟರಲ್ಲಿ ಅರ್ಧ ಹಾಲ್ ಖಾಲಿ. ಇಂಥ ತರಬೇತಿಗೆ ಸಿಗುವ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತಿನ) ಕ್ರೆಡಿಟ್‌ಗೆ ಸಹಿ ಹಾಕಿ ಹೊರಟವರು ಕಮ್ಮಿ ಇರಲಿಲ್ಲ.

ನನ್ನ ದೊಡ್ಡ ದೂರು ಬೇರೆ. ನಮ್ಮ ಲೇಬರ್ ರೂಮಿನ ಸಿಸ್ಟರನ್ನು ಕರೆದುಕೊಂಡು ಬರಲಾ, ಅವರ ಫೀಸೂ ನಾನೇ ಕೊಡುತ್ತೇನೆ ಎಂದು ಮೊದಲೇ ಕೇಳಿದ್ದೆ. ಡಾಕ್ಟರಿಗೆ ಮಾತ್ರ ಎಂದರು. ಯಾಕೆ ಸ್ವಾಮಿ? ತಾಯಿಗೆ ರಕ್ತಸ್ರಾವ ಶುರುವಾದರೆ ನನ್ನ ಎರಡೂ ಕೈ ಅಲ್ಲಿರುತ್ತವೆ. ಮಗುವಿನ ಕಡೆ ಬ್ಯಾಗ್ ಹಿಡಿಯುವವರು ಸಿಸ್ಟರೇ. 2009ರಲ್ಲಿ ಶುರುವಾದ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಡಾಕ್ಟರ ಜೊತೆ ನರ್ಸ್‌ಗಳಿಗೂ, ಎಎನ್‌ಎಂಗಳಿಗೂ (ಸಹಾಯಕ ನರ್ಸ್ ಸೂಲಗಿತ್ತಿಯರಿಗೂ) ತರಬೇತಿ ಇದೆ. ಸರ್ಕಾರಕ್ಕೆ ಹೊಳೆದದ್ದು ಇವರಿಗೆ ಹೊಳೆಯಲಿಲ್ಲ. ಊರಿಗೆ ಬಂದು ಒಂದು ಗೊಂಬೆ ತರಿಸಿ ಸಿಸ್ಟರ್‌ಗಳಿಗೆ ನಾನೇ ತೋರಿಸುತ್ತಿದ್ದೇನೆ, ನಮ್ಮ ಊರಿನ ಮಕ್ಕಳ ಡಾಕ್ಟರೂ ಬಿಡುವಾದಾಗ ಬಂದು ತಿದ್ದುತ್ತಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸಣ್ಣ ಊರಲ್ಲಿ ಒಬ್ಬರೇ ಹೆರಿಗೆ ಮಾಡಿಸುವವರಾದರೆ ಹೋಗಿ ಬನ್ನಿ. ಮೊದಲ ದಿನ ಬೇಗ ಹೋಗಿ ಗೊಂಬೆಯ ಹತ್ತಿರದ ಕುರ್ಚಿ ಹಿಡಿಯಿರಿ, ಒಂದು ಗೊಂಬೆಗೆ ಎಂಟು ಹತ್ತು ಜನ ಇರುತ್ತಾರೆ. ಎಲ್ಲ ಸ್ಪೆಷಾಲಿಟಿಯೂ ಒಂದೇ ಸೂರಿನಡಿ ಇರುವ ದೊಡ್ಡ ಆಸ್ಪತ್ರೆಯವರಾದರೆ 6,000 ಜಾಸ್ತಿಯಾಯಿತು, ನಿಮ್ಮಲ್ಲೇ ಮೇಲಿನ ಮಹಡಿಯ ಮಕ್ಕಳ ವಿಭಾಗದವರನ್ನು ಟೀ ಕೊಡಿಸಿ ಕೇಳಿದರೆ ಹೇಳಿಕೊಡುತ್ತಾರೆ.