ಗಂಗಾವತಿಯ ಪ್ರೌಢಶಾಲೆ, ನೆಬ್ರಾಸ್ಕಾದ ಹೈಸ್ಕೂಲು: ಎರಡರಲ್ಲೂ ಓದಿದವನ ಹೋಲಿಕೆ

ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳನ್ನು ನೇರವಾಗಿ ಪಿಯುಸಿಗೆ ಹಚ್ಚಬೇಕೋ, ನಡುವೆ ಒಂದು ವರ್ಷ ವಿನಿಮಯ ವಿದ್ಯಾರ್ಥಿಯಾಗಿ ಹೊರದೇಶದ ಶಾಲೆಗೆ ಕಳುಹಿಸಬೇಕೋ ಎಂಬ ಪ್ರಶ್ನೆಯನ್ನು ನನ್ನ ಪರಿಚಯದ ಕೆಲವು ಪಾಲಕರು ಆಗಾಗ ಕೇಳುತ್ತಾರೆ. ನಾನು ಗಂಗಾವತಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತರವರೆಗೆ ಓದಿ, ಬಳಿಕ ರೋಟರಿಯ ಯುವ ವಿನಿಮಯ ಕಾರ್ಯಕ್ರಮದಡಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸಣ್ಣ ಊರೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಒಂದು ಶೈಕ್ಷಣಿಕ ವರ್ಷ ಕಳೆದವನು. ಕಟ್ಟಡ, ಪ್ರಯೋಗಾಲಯ, ಆಟದ ಮೈದಾನಗಳ ವಿಷಯದಲ್ಲಿ ಯಾರು ಮುಂದೆ ಎಂಬುದನ್ನು ಹೇಳಲು ಅಲ್ಲಿಗೆ ಹೋಗಿಬರಬೇಕಾಗಿಲ್ಲವಾದ್ದರಿಂದ ಆ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ.

ಎರಡು ಶಾಲೆಗಳ ನಿಜವಾದ ಅಂತರ ಇರುವುದು ಅಂಕ ಯಾರ ಕೈಯಲ್ಲಿದೆ ಎಂಬಲ್ಲಿ. ನಮ್ಮ ಎಸ್‌ಎಸ್‌ಎಲ್‌ಸಿಗೆ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಆಂತರಿಕ ಮೌಲ್ಯಮಾಪನದ ಸಣ್ಣ ಪಾಲನ್ನು ಬಿಟ್ಟರೆ ಉಳಿದದ್ದೆಲ್ಲ ಮಂಡಳಿಯ ಲಿಖಿತ ಪರೀಕ್ಷೆಯದು. ಪ್ರಶ್ನೆಪತ್ರಿಕೆ ಬೆಂಗಳೂರಿನಿಂದ ಬರುತ್ತದೆ. ಉತ್ತರಪತ್ರಿಕೆಯನ್ನು ತಿದ್ದುವವರು ಯಾರೆಂದು ನಮಗೂ ಗೊತ್ತಿರುವುದಿಲ್ಲ, ನಮ್ಮ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಈ ವ್ಯವಸ್ಥೆಯನ್ನು ಬೈಯುವವರು ಬಹಳ. ಆದರೆ ಅದರಿಂದಾಗುವ ಒಂದು ಉಪಕಾರವನ್ನು ನಾನು ಅಮೆರಿಕಕ್ಕೆ ಹೋಗುವವರೆಗೆ ಗಮನಿಸಿರಲಿಲ್ಲ: ತೀರ್ಪು ಕೊಡುವವನು ಬೇರೆ ಊರಿನಲ್ಲಿರುವುದರಿಂದ ನಮ್ಮ ಮಾಸ್ತರರು ನಮ್ಮ ಪರ ನಿಂತ ವಕೀಲರಾಗುತ್ತಾರೆ. ಹತ್ತನೆಯ ತರಗತಿಯ ಜನವರಿಯಿಂದ ನಮ್ಮ ಗಣಿತದ ಸರ್ ಬೆಳಗ್ಗೆ ಪ್ರಾರ್ಥನೆಗೂ ಮೊದಲು ವಿಶೇಷ ತರಗತಿ ನಡೆಸುತ್ತಿದ್ದರು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮರಳಿಸುವಾಗ ಒಟ್ಟು ಅಂಕವನ್ನು ಮೊದಲು ಹೇಳುತ್ತಿರಲಿಲ್ಲ. ಕೆಂಪು ಪೆನ್ನಿನಿಂದ ಅಂಚಿನಲ್ಲಿ ‘ಸೂತ್ರ ಬರೆದಿದ್ದರೆ ಇಲ್ಲಿ ಅರ್ಧ ಉಳಿಯುತ್ತಿತ್ತು’, ‘ಏಕಮಾನ ಎಲ್ಲಿ?’, ‘ಚಿತ್ರಕ್ಕೆ ಹೆಸರಿಸಿಲ್ಲ, ತಿದ್ದುವವರು ಬಿಡುವುದಿಲ್ಲ’ ಎಂದು ಬರೆದಿರುತ್ತಿದ್ದರು. ತಮ್ಮನ್ನೇ ಅವರು ಎಂದೂ ‘ತಿದ್ದುವವರು’ ಎಂದು ಎಣಿಸಿಕೊಂಡವರಲ್ಲ. ಪರೀಕ್ಷೆ ಹತ್ತಿರವಾದಂತೆ ನಸುಕಿನಲ್ಲಿ ಫೋನ್ ಮಾಡಿ, ಎದ್ದು ಓದಲು ಕುಳಿತಿದ್ದೇವೋ ಇಲ್ಲವೋ ಎಂದು ವಿಚಾರಿಸುತ್ತಿದ್ದ ಶಿಕ್ಷಕರು ನಮ್ಮ ಭಾಗದಲ್ಲಿ ಅವರೊಬ್ಬರೇ ಅಲ್ಲ.

ನೆಬ್ರಾಸ್ಕಾದಲ್ಲಿ ಪಾಠ ಹೇಳುವವರೂ ತೀರ್ಪು ಕೊಡುವವರೂ ಒಬ್ಬರೇ. ದಿನದ ಮನೆಗೆಲಸ, ವಾರದ ಕಿರುಪರೀಕ್ಷೆ, ಪ್ರಾಜೆಕ್ಟು, ಕೆಲವು ತರಗತಿಗಳಲ್ಲಿ ಚರ್ಚೆಯಲ್ಲಿ ಭಾಗವಹಿಸಿದ್ದು ಕೂಡ ಅಂಕವಾಗಿ ಆನ್‌ಲೈನ್ ಪಟ್ಟಿಗೆ ಸೇರಿ, ಸೆಮಿಸ್ಟರಿನ ಕೊನೆಗೆ ಎ, ಬಿ, ಸಿ ಎಂಬ ಅಕ್ಷರವಾಗಿ ಬರುತ್ತಿದ್ದವು. ಹೊರಗಿನವರು ಯಾರೂ ಅದನ್ನು ಪರಿಶೀಲಿಸುವುದಿಲ್ಲ. ಮಾರ್ಚ್ ತಿಂಗಳ ಭಯ ಅಲ್ಲಿಲ್ಲ ಎಂಬುದು ನಿಜ, ಆದರೆ ‘ಕೊನೆಗೆ ಕೂತು ಓದಿದರಾಯಿತು’ ಎಂಬ ನಮ್ಮ ಹುಡುಗರ ಧೈರ್ಯಕ್ಕೂ ಅಲ್ಲಿ ಎಡೆಯಿಲ್ಲ. ಸೆಪ್ಟೆಂಬರಿನಲ್ಲಿ ಕೊಡದೆ ಬಿಟ್ಟ ಮನೆಗೆಲಸ ಡಿಸೆಂಬರಿನ ಅಕ್ಷರದಲ್ಲಿ ಕಾಣಿಸಿಕೊಳ್ಳುತ್ತದೆ. ತರಗತಿ ಮುಗಿದ ಮೇಲೆ ಶಿಕ್ಷಕರ ಮೇಜಿನ ಬಳಿ ನಿಂತು, ಇನ್ನೆರಡು ಅಂಕ ಸೇರಿದರೆ ಎ ಬರುತ್ತದೆ, ಹೆಚ್ಚುವರಿ ಕೆಲಸ ಏನಾದರೂ ಕೊಡಿ ಎಂದು ಸಹಪಾಠಿಗಳು ಸಂಕೋಚವಿಲ್ಲದೆ ಚೌಕಾಸಿ ಮಾಡುವುದನ್ನು ಕಂಡು ಮೊದಮೊದಲು ನನಗೆ ದಿಗಿಲಾಯಿತು. ಶಿಕ್ಷಕರು ಸ್ನೇಹಪರರಾಗಿದ್ದರು, ನಗುತ್ತಿದ್ದರು, ನಮ್ಮ ಸರ್ ಅವರಷ್ಟು ಗದರುತ್ತಲೂ ಇರಲಿಲ್ಲ. ಆದರೂ ಅವರು ನನ್ನ ಪಕ್ಷದವರು ಎಂದು ನನಗೆ ಅನ್ನಿಸಲಿಲ್ಲ. ಇದು ಅವರ ದೋಷವಲ್ಲ, ಅಂಕದ ಪುಸ್ತಕ ಅವರ ಮುಂದಿರುವುದರ ಪರಿಣಾಮ.

ಗಣಿತದಲ್ಲಿ ನಮ್ಮ ಶಾಲೆ ಸ್ಪಷ್ಟವಾಗಿ ಮುಂದಿದೆ. ಅಲ್ಲಿ ಬೀಜಗಣಿತಕ್ಕೆ ಒಂದು ವರ್ಷ, ರೇಖಾಗಣಿತಕ್ಕೆ ಇನ್ನೊಂದು ವರ್ಷ, ಮತ್ತೆ ಮುಂದಿನ ಬೀಜಗಣಿತಕ್ಕೆ ಮಗದೊಂದು ವರ್ಷ. ನಮ್ಮಲ್ಲಿ ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಭುಜಗಳು, ತ್ರಿಕೋನಮಿತಿ, ಸಂಖ್ಯಾಶಾಸ್ತ್ರ ಎಲ್ಲವೂ ಒಂದೇ ವರ್ಷದಲ್ಲಿ, ಕ್ಯಾಲ್ಕ್ಯುಲೇಟರ್ ಇಲ್ಲದೆ. ವಿಜ್ಞಾನವೂ ಹಾಗೆಯೇ: ಅಲ್ಲಿ ಜೀವಶಾಸ್ತ್ರ ಒಂದು ವರ್ಷ, ರಸಾಯನಶಾಸ್ತ್ರ ಮತ್ತೊಂದು ವರ್ಷ. ಪ್ರಯೋಗವನ್ನು ಮಾತ್ರ ಅಲ್ಲಿ ಕೈಯಾರೆ ಮಾಡಿಸುತ್ತಾರೆ, ನಾವು ಬಹುಪಾಲು ಚಿತ್ರ ಬರೆದೇ ಮುಗಿಸುತ್ತೇವೆ.

ಇತಿಹಾಸದಲ್ಲಿ ಮಾತು ತಿರುಗುಮುರುಗಾಗುತ್ತದೆ. ಅಮೆರಿಕದ ಇತಿಹಾಸದ ತರಗತಿಯಲ್ಲಿ 1980ರ ದಶಕದ ಕೃಷಿ ಸಾಲದ ಬಿಕ್ಕಟ್ಟನ್ನು ಕಂಡ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಪುಸ್ತಕದ ಮಾತಿನೊಂದಿಗೆ ಹೋಲಿಸಿ ಬರೆದು ತರುವ ಕೆಲಸ ಕೊಟ್ಟಿದ್ದರು. ಬಡ್ಡಿ ಏರಿ, ಜಮೀನಿನ ಬೆಲೆ ಕುಸಿದು, ಹೊಲ ಕಳೆದುಕೊಂಡ ಅಣ್ಣನ ಕಥೆಯನ್ನು ಒಬ್ಬ ಮುದುಕರು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹೇಳುವಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮೂರೇ. ಗಂಗಾವತಿ ನಿಜಾಮರ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 17ರ ಬಳಿಕವೇ ನಾವು ಭಾರತದ ಒಕ್ಕೂಟಕ್ಕೆ ಸೇರಿದ್ದು. ಆ ದಿನ ಪ್ರತಿವರ್ಷ ಶಾಲೆಯಲ್ಲಿ ಧ್ವಜ ಹಾರಿಸಿ, ಭಾಷಣ ಮಾಡಿ, ಸಿಹಿ ಹಂಚುತ್ತಿದ್ದೆವು. ಆದರೆ ನಿಜಾಮರ ಪರ ಹೋರಾಡಿದ ರಜಾಕಾರರ ಕಾಲವನ್ನು ಕಣ್ಣಾರೆ ಕಂಡ ಅಜ್ಜ, ಅಜ್ಜಿಯರು ಓಣಿ ಓಣಿಯಲ್ಲಿ ಇದ್ದಾಗಲೂ ಅವರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ನಮಗೆ ಯಾರೂ ಹೇಳಲಿಲ್ಲ. ಅದು ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇಲ್ಲದ ಪ್ರಶ್ನೆ. ವಕೀಲರಾಗಿ ನಿಂತ ಮಾಸ್ತರರಿಗೂ ಇಂಥದ್ದಕ್ಕೆ ಸಮಯ ಕೊಡುವುದು ಕಷ್ಟ.

ಕೃಷಿಯದೂ ಇದೇ ಕಥೆ. ನೆಬ್ರಾಸ್ಕಾದ ಆ ಶಾಲೆಯಲ್ಲಿ ಕೃಷಿ ಒಂದು ವಿಷಯವಾಗಿತ್ತು. ಅದಕ್ಕೆ ಅಂಕವಿತ್ತು, ವೆಲ್ಡಿಂಗ್ ಮಾಡಲು ಒಂದು ದೊಡ್ಡ ಕೊಟ್ಟಿಗೆಯಿತ್ತು. 1928ರಲ್ಲಿ ಹುಟ್ಟಿದ ಎಫ್‌ಎಫ್‌ಎ ಎಂಬ ಕೃಷಿ ವಿದ್ಯಾರ್ಥಿಗಳ ಸಂಘಟನೆಯ ನೀಲಿ ಕಾರ್ಡುರಾಯ್ ಕೋಟು ತೊಟ್ಟ ಹುಡುಗ ಹುಡುಗಿಯರು ಮಣ್ಣು ನೋಡಿ ಗುಣ ಹೇಳುವ ಸ್ಪರ್ಧೆಗೆ ಹೋಗುತ್ತಿದ್ದರು. ಅಂತರ್ಜಲವನ್ನೆತ್ತಿ ವೃತ್ತಾಕಾರದಲ್ಲಿ ಸುತ್ತುತ್ತ ಮೆಕ್ಕೆಜೋಳಕ್ಕೆ ನೀರುಣಿಸುವ ಯಂತ್ರದ ಲೆಕ್ಕವನ್ನು ನಾನು ಕಲಿತದ್ದು ತರಗತಿಯಲ್ಲಿಯೇ. ಗಂಗಾವತಿಯಲ್ಲಿ ನನ್ನ ಸಹಪಾಠಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಮನೆಗಳಿಂದ ಬಂದವರು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಕೊನೆ ಭಾಗದ ಹೊಲಗಳಿಗೆ ಏಕೆ ತಲುಪುವುದಿಲ್ಲ, ಸೋನಾ ಮಸೂರಿಗೆ ಎಷ್ಟು ಗೊಬ್ಬರ ಬೀಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. 625ರಲ್ಲಿ ಅದಕ್ಕೆ ಒಂದು ಅಂಕವೂ ಇರಲಿಲ್ಲ.

ಗೆಳೆತನದ ಮಾತಿಗೆ ಬಂದರೆ ನಾನು ಹಿಂಜರಿಯದೆ ಗಂಗಾವತಿಯ ಕಡೆ ನಿಲ್ಲುತ್ತೇನೆ. ಮೂರು ವರ್ಷ ಒಂದೇ ಕೋಣೆ, ಒಂದೇ ಬೆಂಚು. ಶಿಕ್ಷಕರು ಬದಲಾಗುತ್ತಾರೆ, ನಾವು ಕದಲುವುದಿಲ್ಲ. ಅಲ್ಲಿ ಪ್ರತಿ ಗಂಟೆಗೂ ವಿದ್ಯಾರ್ಥಿಗಳೇ ಕೋಣೆ ಬದಲಿಸುವುದರಿಂದ ‘ನಮ್ಮ ತರಗತಿ’ ಎಂಬುದೇ ಇಲ್ಲ. ಹೊಸಬನೆಂಬ ಕುತೂಹಲ ಅಕ್ಟೋಬರ್ ಹೊತ್ತಿಗೆ ಇಳಿದುಹೋಗುತ್ತದೆ. ಆಮೇಲೆ ಯಾವುದಾದರೂ ತಂಡಕ್ಕೆ ಸೇರದವನು ಊಟದ ಮೇಜಿನಲ್ಲಿ ಒಬ್ಬನೇ. ಕ್ರಾಸ್ ಕಂಟ್ರಿ ಓಟದ ತಂಡದಿಂದ ಯಾರನ್ನೂ ಹೊರಹಾಕುತ್ತಿರಲಿಲ್ಲ ಎಂಬ ಕಾರಣಕ್ಕೆ ನಾನು ಅದನ್ನು ಆರಿಸಿಕೊಂಡೆ, ಉಳಿದದ್ದೂ ಅದರಿಂದಲೇ. ಆತಿಥೇಯ ಕುಟುಂಬಗಳ ಬಗ್ಗೆ ಒಂದೇ ಮಾತು: ಅವರಿಗೆ ಇದಕ್ಕಾಗಿ ಯಾರೂ ಹಣ ಕೊಡುವುದಿಲ್ಲ, ರೋಟರಿಯಲ್ಲಿ ವರ್ಷದೊಳಗೆ ಮನೆ ಬದಲಾಗುವುದೂ ವಾಡಿಕೆ, ಇದನ್ನು ತಿಳಿದೇ ಹೊರಡಬೇಕು.

ಇನ್ನು ಯಾವಾಗ ಹೋಗಬೇಕೆಂಬುದು. ಅಮೆರಿಕದ ಜೆ-1 ವೀಸಾದ ಹೈಸ್ಕೂಲ್ ವರ್ಗಕ್ಕೆ ವಯಸ್ಸು 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು, 11 ವರ್ಷಕ್ಕಿಂತ ಹೆಚ್ಚಿನ ಶಾಲಾ ಓದು ಮುಗಿದಿರಬಾರದು. ಎಂದರೆ ದ್ವಿತೀಯ ಪಿಯುಸಿ ಮುಗಿಸಿದವರಿಗೆ ಬಾಗಿಲು ಮುಚ್ಚಿದೆ. ಹಣದ ಅನುಕೂಲ ಇಲ್ಲದವರು 2002ರಲ್ಲಿ ಆರಂಭವಾದ ಕೆನಡಿ-ಲೂಗರ್ ಯೆಸ್ ವಿದ್ಯಾರ್ಥಿವೇತನವನ್ನು ವಿಚಾರಿಸಬಹುದು. ಆಯ್ಕೆಯಾದವರ ವೆಚ್ಚವನ್ನು ಅಮೆರಿಕ ಸರ್ಕಾರ ಭರಿಸುತ್ತದೆ. ಅಲ್ಲಿಯ ಅಂಕಪಟ್ಟಿ ಹಿಡಿದು ಬಂದ ನಾನು ಪ್ರಥಮ ಪಿಯುಸಿಗೆ ಒಂದು ವರ್ಷ ಕಿರಿಯರಾದವರೊಂದಿಗೆ ಸೇರಿದೆ. ವಯಸ್ಸಿನ ಒಂದು ವರ್ಷ ಹೋಗಿಯೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತಿಗೆ ಈ ಗೈರುಹಾಜರಿಯಿಂದ ತೊಂದರೆಯಾಗಲಿಲ್ಲ, ಒಂದರಿಂದ ಹತ್ತರವರೆಗೆ ಇಲ್ಲಿಯೇ ಓದಿದ್ದೆನಲ್ಲ.

ವೈದ್ಯಕೀಯ, ಎಂಜಿನಿಯರಿಂಗ್ ಎಂದು ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ನಾನು ನೇರ ಪಿಯುಸಿಯನ್ನೇ ಹೇಳುತ್ತೇನೆ, ಏಕೆಂದರೆ ಆ ಒಂದು ವರ್ಷದಲ್ಲಿ ಗಣಿತದ ಕೈ ಜಡ್ಡುಗಟ್ಟುತ್ತದೆ. ವಾಣಿಜ್ಯ, ಕಲೆ, ಕಾನೂನು, ಕೃಷಿ ಎನ್ನುವವರು ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಹೋಗಲಿ. ಪ್ರಥಮ ಪಿಯುಸಿ ಮುಗಿಸಿ ಹೋಗುವ ಮೂರನೆಯ ದಾರಿಯನ್ನು ವೀಸಾ ಒಪ್ಪುತ್ತದೆ, ನಾನು ಒಪ್ಪುವುದಿಲ್ಲ: ಪ್ರಥಮದ ಪಾಠದ ಮೇಲೆಯೇ ದ್ವಿತೀಯ ನಿಂತಿರುತ್ತದೆ, ನಡುವೆ ವರ್ಷ ಬಿಟ್ಟು ಬಂದವರಿಗೆ ಅದನ್ನು ಮತ್ತೆ ಹೇಳಿಕೊಡುವ ಪುರುಸೊತ್ತು ಯಾವ ಕಾಲೇಜಿನಲ್ಲೂ ಇರುವುದಿಲ್ಲ.