ಬೆಂಗಳೂರು ವಿಜಯನಗರದ ಇಂಗ್ಲಿಷ್ ಕ್ಲಾಸು: ಗ್ರಾಮರ್ ಕಡಿಮೆ, ಮಾತು ಜಾಸ್ತಿ

ಈ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಟೆನ್ಸ್ ಬಾಯಿಪಾಠ ಮಾಡಿಸುವುದಿಲ್ಲ. ಕೆಲಸ ಕೊಡುತ್ತಾರೆ. ಒಂದು ಸಂಜೆ ನನ್ನ ಕೈಯಲ್ಲಿ ಮೈಸೂರು ರೈಲುಗಳ ವೇಳಾಪಟ್ಟಿ, ಎದುರು ಕೂತ ನರ್ಸ್ ಕೈಯಲ್ಲಿ ಟಿಕೆಟ್ ದರ. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. 500 ರೂಪಾಯಿಯೊಳಗೆ ಇಬ್ಬರೂ ಬೆಳಿಗ್ಗೆ ಹತ್ತಕ್ಕೆ ಮುಂಚೆ ಮೈಸೂರು ಸೇರಬೇಕು. ಬಾಯಿಬಿಟ್ಟು ಕೇಳದೆ ವಿಧಿಯಿಲ್ಲ, ಅಲ್ವಾ? ಅಂಗಡಿಯಲ್ಲಿ ಗಿರಾಕಿ ಇಂಗ್ಲಿಷ್ ಶುರು ಮಾಡಿದರೆ ಕೆಲಸದ ಹುಡುಗನನ್ನು ಮುಂದೆ ತಳ್ಳುತ್ತಿದ್ದ ನಾನು, ಇಲ್ಲಿ 'ನೋ ನೋ, ದಟ್ ಟ್ರೇನ್ ಲೇಟ್' ಅಂತ ವಾದಕ್ಕೇ ಇಳಿದೆ.

ಪದ್ಧತಿ ಹೊಸದೇನಲ್ಲ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಥ ಪ್ರಯೋಗ ನಡೆಸಿದ್ದರು. ಅದಕ್ಕೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರು. ನಮ್ಮೂರಲ್ಲೇ ಎಷ್ಟು ಜನಕ್ಕೆ ಗೊತ್ತು ಹೇಳಿ!

ತಕರಾರೂ ಇದೆ. ಮಾತಿನ ಮಧ್ಯೆ ತಪ್ಪು ತಿದ್ದುವುದಿಲ್ಲ, ಅದು ಸರಿಯೇ. ಆದರೆ ಕೊನೆಗೆ ತಿದ್ದಲು ಸಿಗುವ ಹತ್ತು ನಿಮಿಷ ಸಂಜೆಯ ದೊಡ್ಡ ಬ್ಯಾಚಿಗೆ ಯಾವ ಮೂಲೆಗೂ ಸಾಲದು. ಹಿಂದಿನ ಬೆಂಚಿನವರು ಸುಮ್ನೆ ಕನ್ನಡದಲ್ಲೇ ಕೆಲಸ ಮುಗಿಸಿಬಿಡುತ್ತಾರೆ. ಸೇರುವುದಾದರೆ ಬೆಳಗಿನ ಬ್ಯಾಚಿಗೆ ಸೇರಿ, ಜನ ಕಡಿಮೆ.