ನೇಪಾಳದಲ್ಲಿ ಮಕ್ಕಳ ಸೇವೆ: ಏಜೆನ್ಸಿಯ ಮಕ್ಕಳ ಮನೆ, ಮತ್ತೆ ನಾನು ಪುನಃ ಹೋಗುವ ಜಾಗ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡನೆಯದಕ್ಕೆ. ಪೊಲೀಸ್ ಸರ್ಟಿಫಿಕೇಟ್ ಕೇಳುವ, ಮಕ್ಕಳ ಹತ್ತಿರ ಸುಲಭಕ್ಕೆ ಬಿಡದ, ಆಫೀಸಿನಲ್ಲಿ ಕೂರಿಸಿ ಲೆಕ್ಕ ಬರೆಸುವ ಪೋಖರಾದ ಆ ಸಣ್ಣ ಸಂಸ್ಥೆಗೆ. ಊರಿಗೆ ಬಂದು ತೋರಿಸಲು ಅಲ್ಲಿಯ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಆದರೂ ಯಾರಾದರೂ ನೇಪಾಳಕ್ಕೆ ಹೋಗಿ ಮಕ್ಕಳಿಗೆ ಏನಾದರೂ ಮಾಡಬೇಕು ಅಂದರೆ ನಾನು ಹೇಳುವುದು ಅಂಥ ಜಾಗವನ್ನೇ. ಏಜೆನ್ಸಿಯವರು ದುಡ್ಡು ತಗೊಂಡು ಕಳಿಸುವ ಮಕ್ಕಳ ಮನೆಗೆ ಹೋಗಬೇಡಿ. ಎರಡೂ ಕಡೆ ಇದ್ದು ಬಂದಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೆ ಹೊಂದಿದ್ದು ನಿಮಗೂ ಹೊಂದಬೇಕು ಅಂತಿಲ್ಲ. ಶಿರಸಿ ಹತ್ತಿರದ ಹಳ್ಳಿಯವಳು. ಸೊಸೈಟಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದಿದ್ದೇನೆ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಅಡಿಕೆ ಮಾರಾಟಕ್ಕೆ ಹೋದ ಮೇಲೆ, ಮಳೆ ಹಿಡಿದು ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು ಶುರುವಾಗುವ ತನಕ ನನಗೆ ಬಿಡುವು. ಕೈಯಲ್ಲಿ ನಾಲ್ಕು ಕಾಸು ಇರುವುದೂ ಆಗಲೇ. ನೇಪಾಳ ಯಾಕೆ ಅಂದರೆ ನಮಗೆ ವೀಸಾ ಬೇಡ, ನಮ್ಮ 1 ರೂಪಾಯಿಗೆ ಅಲ್ಲಿಯ 1.60 ರೂಪಾಯಿ, ನನ್ನ ಅರ್ಧಂಬರ್ಧ ಹಿಂದಿಯಲ್ಲಿ ವ್ಯವಹಾರ ನಡೆಯುತ್ತದೆ, ಎರಡು ಹೊತ್ತೂ ಅನ್ನ ಬೇಳೆ ಸಿಗುತ್ತದೆ. ಅನ್ನ ಇಲ್ಲದೆ ನನಗೆ ನಡೆಯುವುದಿಲ್ಲ.

ಏಜೆನ್ಸಿಯದು ಕಠ್ಮಂಡು ಕಣಿವೆಯ ಅಂಚಿನಲ್ಲಿರುವ ಒಂದು ಮಕ್ಕಳ ಮನೆ. ಊಟ, ಕೋಣೆ ಸೇರಿ ವಾರಕ್ಕೆ ಸುಮಾರು ₹15,000. ವ್ಯವಸ್ಥೆಯಲ್ಲಿ ಕೊರತೆ ಇರಲಿಲ್ಲ. ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದರು, ಕೋಣೆ ಚೊಕ್ಕವಾಗಿತ್ತು, ಬಿಸಿನೀರು ಇತ್ತು. ಚೀಲ ಇಳಿಸುವ ಮೊದಲೇ ನಾಲ್ಕೈದು ಮಕ್ಕಳು ಬಂದು ದೀದಿ ದೀದಿ ಅಂತ ಕೈ ಹಿಡಿದವು. ನನ್ನ ಹೆಸರು ಮತ್ತು ದುಡ್ಡಿನ ರಸೀದಿ ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಮಕ್ಕಳು ಮಲಗುವ ಕೋಣೆಗೂ ಸೀದಾ ಹೋಗಬಹುದಿತ್ತು. ನಮ್ಮ ಮನೆ ಮಕ್ಕಳನ್ನು ಹೀಗೆ ಗುರುತಿಲ್ಲದವರ ಕೈಗೆ ಬಿಡುತ್ತೇವಾ?

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಪಾಠದ ವಿಷಯ. ಸಂಜೆಯ ಇಂಗ್ಲಿಷ್ ಪಾಠ ನನ್ನ ಪಾಲಿಗೆ ಬಂತು. ಗೋಡೆ ಮೇಲೆ ಬಣ್ಣಗಳ ಚಾರ್ಟ್ ಇತ್ತು. ನಾನು ಕಡ್ಡಿ ಇಡುವ ಮೊದಲೇ ಮಕ್ಕಳೆಲ್ಲ ರೆಡ್, ಬ್ಲೂ, ಗ್ರೀನ್, ಯೆಲ್ಲೋ ಅಂತ ಒಂದೇ ರಾಗದಲ್ಲಿ ಹೇಳಿ ಮುಗಿಸಿದವು. ಹಣ್ಣಿನ ಚಾರ್ಟ್ ತೆಗೆದರೆ ಅದೂ ಹಾಗೇ. ಪ್ರಾಣಿಗಳದ್ದೂ ಹಾಗೇ. ಪಾಪ, ಬೇಜಾರು ತೋರಿಸದೆ ನನಗೋಸ್ಕರ ಹೇಳುತ್ತಿದ್ದವು. ಐದನೇ ತರಗತಿಯ ಒಬ್ಬ ಹುಡುಗನ ನೋಟ್‌ಬುಕ್ ಬಿಡಿಸಿ ನೋಡಿದೆ. ಮೊದಲ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಬಣ್ಣಗಳ ಹೆಸರು, ದುಂಡಗಿನ ಅಕ್ಷರ. ಮುಂದಿನ ಹಾಳೆಯಲ್ಲಿ ಹಸಿರು ಪೆನ್ನಿನಲ್ಲಿ ಮತ್ತೊಬ್ಬರ ಕೈಬರಹ, ಅದೇ ಬಣ್ಣಗಳು. ಇನ್ನೊಂದು ಹಾಳೆ ತಿರುವಿದರೆ ಪೆನ್ಸಿಲಿನಲ್ಲಿ ಮತ್ತದೇ, ಪಕ್ಕದಲ್ಲಿ ನಗುವ ಸೂರ್ಯನ ಚಿತ್ರ. ಬಂದವರೆಲ್ಲ ಮೊದಲಿಂದ ಶುರು ಮಾಡಿ ಹೋಗಿದ್ದಾರೆ. ಆ ಹುಡುಗನಿಗೆ 84ನ್ನು 4ರಿಂದ ಭಾಗಿಸಲು ಬರುತ್ತಿರಲಿಲ್ಲ.

ಸರಿ ಅಂತ ನಾನು ಭಾಗಾಕಾರ ಹಿಡಿದೆ. ಹುಡುಗ ಚುರುಕು. ದಿನಾ ಸಂಜೆ ಕೂತು ಕಲಿತ. ಒಂದಂಕಿ ಭಾಗಾಕಾರ ದಾಟಿ ಎರಡಂಕಿಯದಕ್ಕೆ ಕೈ ಹಾಕುವಷ್ಟರಲ್ಲಿ ನನ್ನ ವಾರಗಳು ಮುಗಿದವು. ಮುಂದೆ ಬರುವವರಿಗೆ ಗೊತ್ತಾಗಲಿ, ಎಲ್ಲಿ ಬರೆದಿಡಲಿ ಅಂತ ಕೇಳಿದರೆ ಅಂಥ ಪುಸ್ತಕವೇ ಇಲ್ಲ. ನಾನೇ ಪೇಟೆಯಿಂದ ಒಂದು ರಿಜಿಸ್ಟರ್ ತಂದು ಯಾವ ಮಗು ಯಾವ ಪಾಠದಲ್ಲಿದೆ, ಯಾರಿಗೆ ಮಗ್ಗಿ ಬರುತ್ತದೆ, ಯಾರಿಗೆ ಓದಲು ತಡವರಿಕೆ ಅಂತ ಬರೆದು ಕಪಾಟಿನಲ್ಲಿ ಇಟ್ಟೆ. ಏಜೆನ್ಸಿಗೆ ಮೇಲ್ ಹಾಕಿ ಇದನ್ನು ಮುಂದುವರಿಸಿ ಅಂತ ಕೇಳಿಕೊಂಡೆ. ವಾಲಂಟಿಯರುಗಳಿಗೆ ತಮಗೆ ಖುಷಿ ಕೊಡುವ ಪಾಠ ಮಾಡುವ ಸ್ವಾತಂತ್ರ್ಯ ಇರಬೇಕು, ರಿಜಿಸ್ಟರ್ ಇಟ್ಟರೆ ಅವರಿಗೆ ಹೊರೆ ಅನಿಸಬಹುದು, ಹೀಗೆ ಉತ್ತರ ಬಂತು. ನಾನು ಹೊರಡುವ ದಿನ ಬಂದ ಹೊಸ ಹುಡುಗಿ, ಬಹಳ ಒಳ್ಳೆ ಹುಡುಗಿ, ನಗುನಗುತ್ತಾ ಚೀಲದಿಂದ ಹೊಸ ಬಣ್ಣದ ಚಾರ್ಟ್ ತೆಗೆದಳು.

ಸೊಸೈಟಿಯಲ್ಲಿ ಕ್ಯಾಷಿಯರ್ ಯಾರೇ ಬದಲಾಗಲಿ, ನಿನ್ನೆಯ ಆಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ಹಣ, ಇವತ್ತಿನ ಆರಂಭದ ಶಿಲ್ಕಾಗಿ ಬರಲೇಬೇಕು. ಅಲ್ಲಿ ಪ್ರತಿ ವಾಲಂಟಿಯರಿಗೂ ಸೊನ್ನೆಯಿಂದ ಪುಸ್ತಕ ತೆರೆಯುತ್ತಿದ್ದರು. ನನಗೆ ಸಿಟ್ಟು ಬಂದದ್ದು ಇದಕ್ಕೇ. ದುಡ್ಡು ಕೊಡುವವರು ನಾವು, ಆದ್ದರಿಂದ ಎಲ್ಲವೂ ನಮ್ಮ ಖುಷಿಗೆ ತಕ್ಕಂತೆ ನಡೆಯುತ್ತಿತ್ತು.

ಇನ್ನೊಂದು ವಿಷಯ ಆ ಹುಡುಗನೇ ಹೇಳಿದ್ದು. ಅವನಿಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಹುಮ್ಲಾದಲ್ಲಿ. ಹುಮ್ಲಾ ಅಂದರೆ ನೇಪಾಳದ ವಾಯವ್ಯ ಮೂಲೆ, ಟಿಬೆಟ್ ಗಡಿ, ನಡೆದೇ ತಲುಪಬೇಕಾದ ಹಳ್ಳಿಗಳು. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಯುದ್ಧ ನಡೆದಾಗ, ಮಕ್ಕಳನ್ನು ಪಟ್ಟಣದ ಒಳ್ಳೆ ಶಾಲೆಗೆ ಹಾಕುತ್ತೇವೆ ಅಂತ ಹೇಳಿ ದಲ್ಲಾಳಿಗಳು ತಂದೆ ತಾಯಿಯ ಹತ್ತಿರವೇ ದುಡ್ಡು ತಗೊಂಡು ಕಠ್ಮಂಡುವಿಗೆ ಸಾಗಿಸಿದರು. ಯುದ್ಧ ಮುಗಿದರೂ ಆ ದಾರಿ ಮುಚ್ಚಲಿಲ್ಲ. ಮಕ್ಕಳ ಮನೆಗಳು ಜಾಸ್ತಿ ಇರುವುದು ಎಲ್ಲಿ ನೋಡಿ: ಕಠ್ಮಂಡು, ಲಲಿತಪುರ, ಭಕ್ತಪುರ, ಚಿತವನ, ಪೋಖರಾ ಇರುವ ಕಾಸ್ಕಿ. ಎಲ್ಲ ಪ್ರವಾಸಿಗರು ಓಡಾಡುವ ಜಿಲ್ಲೆಗಳೇ. ಬಡತನ ಜಾಸ್ತಿ ಇರುವುದು ಅಲ್ಲಿ ಅಲ್ವಲ್ಲ. ಜಗತ್ತಿನಾದ್ಯಂತ ಇಂಥ ಮನೆಗಳಲ್ಲಿರುವ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ ಅಂತ ಅಂದಾಜು. 2015ರ ಏಪ್ರಿಲ್ ಭೂಕಂಪದ ನಂತರ ನೇಪಾಳ ಸರ್ಕಾರ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ತಡೆಹಿಡಿದಿತ್ತು. 2018ರಲ್ಲಿ ಆಸ್ಟ್ರೇಲಿಯಾ ತಂದ ಆಧುನಿಕ ಗುಲಾಮಗಿರಿ ಕಾನೂನಿನ ಚರ್ಚೆಯಲ್ಲಿ ಇಂಥ ಮನೆಗಳಿಗೆ ಮಕ್ಕಳನ್ನು ಸಾಗಿಸುವ ವಿಷಯವೂ ಬಂತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯಕ್ಕೆ ವಾಲಂಟಿಯರ್ ಆಗಿ ಹೋಗುವುದರಿಂದ ಆಗುವ ಹಾನಿಯ ಬಗ್ಗೆ ನಿರ್ಣಯದಲ್ಲಿ ಬರೆಯಿತು. ಏಜೆನ್ಸಿಯ ಬಣ್ಣದ ಪುಸ್ತಿಕೆಯಲ್ಲಿ ಇದ್ಯಾವುದೂ ಇರಲಿಲ್ಲ.

ಈಗ ಪೋಖರಾದ ಸಂಸ್ಥೆ. ಇವರ ಕೆಲಸವೇ ಬೇರೆ. ಮಕ್ಕಳ ಮನೆಗಳಲ್ಲಿ ಇರುವ ಮಕ್ಕಳ ಊರು ಹುಡುಕುತ್ತಾರೆ. ಅವರ ಕಾರ್ಯಕರ್ತರು ದಿನಗಟ್ಟಲೆ ನಡೆದು ಹಳ್ಳಿ ತಲುಪಿ, ಮನೆಯವರ ಹತ್ತಿರ ಮಾತಾಡಿ, ಮಗು ವಾಪಸ್ ಹೋಗಬಹುದಾ ಅಂತ ನೋಡಿ, ಹೋದ ಮೇಲೆ ಶಾಲೆಯ ಖರ್ಚು, ಬಟ್ಟೆ, ಪುಸ್ತಕ ಅಂತ ಮನೆಗೇ ನೆರವು ಕೊಡುತ್ತಾರೆ. ಹೊರಗಿನವರಿಗೆ ಮಕ್ಕಳ ಜೊತೆ ಕೆಲಸ ಇಲ್ಲ. ನೀವು ಏನು ಕೆಲಸ ಬಲ್ಲಿರಿ ಅಂತ ಫೋನಿನಲ್ಲೇ ಕೇಳಿದರು. ಲೆಕ್ಕ ಬರುತ್ತದೆ ಅಂದೆ. ಹಾಗಾದರೆ ಬನ್ನಿ ಅಂದರು.

ಬರುವ ಮೊದಲು ಮಾತ್ರ ಸತಾಯಿಸಿದರು. ಪೊಲೀಸ್ ಸರ್ಟಿಫಿಕೇಟ್ ಬೇಕು, ನನ್ನ ಜೊತೆ ಕೆಲಸ ಮಾಡಿದ ಇಬ್ಬರ ಪತ್ರ ಬೇಕು, ವಿಡಿಯೋದಲ್ಲಿ ಸಂದರ್ಶನ, ಮಕ್ಕಳ ಫೋಟೋ ತೆಗೆಯುವುದಿಲ್ಲ, ಒಬ್ಬಳೇ ಮಗುವಿನ ಜೊತೆ ಇರುವುದಿಲ್ಲ ಅಂತ ಸಹಿ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ನಮ್ಮ ಮನೆ ಇರುವುದು ಘಟ್ಟದ ಮೇಲಿನ ಕಾಡಿನ ನಡುವೆ, ಫೋನು ಸಿಗಬೇಕಾದರೆ ತೋಟ ಹತ್ತಿ ಗುಡ್ಡದ ನೆತ್ತಿಗೆ ಹೋಗಬೇಕು. ವಿಚಾರಣೆಗೆ ಬರುವ ಪೊಲೀಸರು ಫೋನು ಮಾಡುತ್ತಲೇ ಇದ್ದರಂತೆ. ಕಡೆಗೆ ಒಂದು ಬೆಳಿಗ್ಗೆ ಬೈಕಿನಲ್ಲಿ ಹುಡುಕಿಕೊಂಡು ಬಂದೇಬಿಟ್ಟರು. "ಎಂತ ಅಕ್ಕಾ, ಎಷ್ಟು ಸಲ ಮಾಡಿದ್ರೂ ನಿಮ್ಮ ಫೋನು ಹತ್ತೋದೇ ಇಲ್ವಲ್ಲ, ನೇಪಾಳಕ್ಕೆ ಎಂತಕ್ಕೆ ಹೋಗೋದು ನೀವು?" ಅಂತ ಕೇಳಿ, ಕಷಾಯ ಕುಡಿದು, ಪಕ್ಕದ ಮನೆಯ ಭಟ್ಟರ ಹತ್ತಿರವೂ ವಿಚಾರಿಸಿ ಹೋದರು. ಸರ್ಟಿಫಿಕೇಟ್ ಕೈಗೆ ಬರುವಷ್ಟರಲ್ಲಿ ನನ್ನ ಬಿಡುವಿನ ಒಳ್ಳೆಯ ಭಾಗ ಕಳೆದಿತ್ತು. ಆದರೂ ಇದಕ್ಕೆ ನನ್ನ ತಕರಾರು ಇಲ್ಲ. ಏಜೆನ್ಸಿಯವರು ಕೇಳದೆ ಬಿಟ್ಟದ್ದನ್ನು ಇವರು ಕೇಳಿದರು, ಅಷ್ಟರಲ್ಲೇ ನನಗೆ ನಂಬಿಕೆ ಬಂತು.

ಕೆಲಸ ಏನು ಅಂದರೆ, ಊರಿಗೆ ವಾಪಸ್ ಹೋದ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಖಾತೆ. ಯಾವ ಶಾಲೆ, ಯಾವ ಕಂತು ಬಾಕಿ, ಯಾವ ತಿಂಗಳು ಕಾರ್ಯಕರ್ತರು ಹೋಗಿ ನೋಡಿ ಬಂದರು. ಎಲ್ಲ ಬೇರೆ ಬೇರೆ ಪುಸ್ತಕಗಳಲ್ಲಿ ಚದುರಿತ್ತು. ಅಲ್ಲಿಯ ಕಚೇರಿಯ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಕಡೆ ತಂದೆವು. ಮೊದಲು ತಲೆ ಕೆಟ್ಟಿತು, ಯಾಕೆಂದರೆ ಅಲ್ಲಿಯ ವ್ಯವಹಾರವೆಲ್ಲ ವಿಕ್ರಮ ಸಂವತ್ ಪಂಚಾಂಗದಲ್ಲಿ. ನಮ್ಮ 2024ರ ಏಪ್ರಿಲ್ ನಡುವಿಗೆ ಅವರ 2081 ಶುರು. ಹಣಕಾಸು ವರ್ಷ ಜುಲೈ ಮಧ್ಯದಲ್ಲಿ, ಶ್ರಾವಣದ ಮೊದಲ ದಿನ ಆರಂಭ. ಕೆಲವು ತಿಂಗಳಿಗೆ 32 ದಿನ. ಹುಡುಗಿ ನನಗೆ ಪಂಚಾಂಗ ಕಲಿಸಿದಳು, ನಾನು ಅವಳಿಗೆ ತಾಳೆ ನೋಡುವುದು ಕಲಿಸಿದೆ. ಎರಡು ಶಾಲೆಗಳಿಗೆ ಕಂತು ಎರಡೆರಡು ಸಲ ಹೋಗಿದ್ದು, ಒಂದು ಮಗುವಿನ ಮನೆಗೆ ಬಹಳ ತಿಂಗಳಿಂದ ಯಾರೂ ಹೋಗದೆ ಇದ್ದದ್ದು ಆಗ ಗೊತ್ತಾಯಿತು. ಮರುದಿನವೇ ಕಾರ್ಯಕರ್ತರೊಬ್ಬರು ಆ ಹಳ್ಳಿಗೆ ಹೊರಟರು. ನಾನು ಊರಿಗೆ ಬಂದ ಮೇಲೂ ಆ ಲೆಕ್ಕವನ್ನು ಹುಡುಗಿ ಮುಂದುವರಿಸಿದ್ದಾಳೆ. ಆಗಾಗ ವಾಟ್ಸಾಪಿನಲ್ಲಿ ಸಂಶಯ ಕೇಳುತ್ತಾಳೆ.

ಖರ್ಚು: ಸಂಸ್ಥೆಗೆ ಶುಲ್ಕ ಇಲ್ಲ. ಉಳಿದುಕೊಂಡ ಮನೆಗೆ ಬಾಡಿಗೆ, ಊಟಕ್ಕೆ ನನ್ನದೇ ದುಡ್ಡು. ಏಜೆನ್ಸಿಗೆ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ.

ಊಟ: ಎರಡೂ ಕಡೆ ಚೆನ್ನಾಗಿತ್ತು. ಗುಂದ್ರುಕ್ ಅಂತ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು ಮಾಡುತ್ತಾರೆ, ಬಿಡಬೇಡಿ.

ರಜೆ: ನಾನಿದ್ದಾಗ ಅಲ್ಲಿ ಶನಿವಾರ. ಭಾನುವಾರ ಮಲಗೋಣ ಅಂದರೆ ಆಗುತ್ತಿರಲಿಲ್ಲ.

ಬೇಸರ: ಇದ್ದೇ ಇದೆ. ಆಫೀಸಿನಲ್ಲಿ ದಿನವಿಡೀ ಕೂರಬೇಕು, ಮಕ್ಕಳ ದನಿ ಕೇಳುವುದಿಲ್ಲ. ಮಕ್ಕಳ ಜೊತೆ ಆಡಬೇಕು ಅನ್ನುವವರಿಗೆ ಒಂಥರಾ ಖಾಲಿ ಅನಿಸುತ್ತದೆ.

ಹೊನ್ನಾವರದ ಚಿಕ್ಕಮ್ಮನ ಮಗಳು ಕಾರವಾರದಲ್ಲಿ ನರ್ಸಿಂಗ್ ಮುಗಿಸಿದ್ದಾಳೆ. "ಅಕ್ಕಾ, ನಾನೂ ನೇಪಾಳದ ಮಕ್ಕಳ ಮನೆಗೆ ಹೋಗಿ ಬರ್ಲಾ?" ಅಂತ ಕೇಳಿದಳು. ಮಕ್ಕಳ ಮನೆಗೆ ಬೇಡ ತಂಗಿ, ನಿನಗೆ ಗೊತ್ತಿರುವ ಕೆಲಸವನ್ನು ಅಲ್ಲಿಯವರಿಗೇ ಕಲಿಸುವ ಜಾಗ ಹುಡುಕು ಅಂದೆ. ಗಾಯಕ್ಕೆ ಪಟ್ಟಿ ಕಟ್ಟುವುದು, ಜ್ವರದ ಲಕ್ಷಣ ನೋಡುವುದು, ಭೇದಿ ಆದಾಗ ಓಆರ್‌ಎಸ್ ಕೊಡುವುದು, ಇವನ್ನು ಅಲ್ಲಿಯ ಶಿಕ್ಷಕರಿಗೆ ಹೇಳಿಕೊಟ್ಟರೆ ಅವಳು ವಾಪಸ್ ಬಂದ ಮೇಲೂ ಅದು ಅಲ್ಲೇ ಉಳಿಯುತ್ತದೆ. ರಜೆ ಬರೀ ಎರಡು ವಾರ ಇರುವವರು, ಹೇಳಿಕೊಡುವಂಥ ಕಸುಬು ಇನ್ನೂ ಕೈಗೆ ಬಾರದವರು ಎರಡಕ್ಕೂ ಹೋಗದೆ ಆ ದುಡ್ಡನ್ನು ಮಕ್ಕಳನ್ನು ಮನೆ ಸೇರಿಸುವ ಸಂಸ್ಥೆಗೆ ಕಳಿಸುವುದು ಒಳ್ಳೆಯದು.

ಊರಲ್ಲೇ ಮಾಡುವ ಮನಸ್ಸಿದ್ದರೆ ಅದಕ್ಕೂ ದಾರಿ ಇದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡಬಹುದು, ನಾನು ಮಳೆಗಾಲದಲ್ಲಿ ಅದನ್ನೇ ಮಾಡುವುದು. ಕಷ್ಟದಲ್ಲಿರುವ ಮನೆಯ ಮಗು ಮನೆಯಲ್ಲೇ ಇದ್ದು ಓದಲಿ ಅಂತ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ ₹4,000 ಪ್ರಾಯೋಜಕತ್ವ ಸಿಗುತ್ತದೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ. ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ, ಅಂಥ ಮನೆಗೆ ಅರ್ಜಿ ತುಂಬಿಕೊಟ್ಟರೂ ದೊಡ್ಡ ಸಹಾಯ.

ನೇಪಾಳಕ್ಕೇ ಹೋಗುವುದಾದರೆ ಎರಡು ಮಾತು. ಗಡಿ ದಾಟಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು. 15ರಿಂದ 65 ವರ್ಷದವರಿಗೆ ಆಧಾರ್ ನಡೆಯಲ್ಲ. ಕುಮಟಾದಲ್ಲಿ ರೈಲು ಹತ್ತಿ, ಬದಲಿಸುತ್ತಾ ಗೋರಖಪುರ ತಲುಪಿ, ಸೋನೌಲಿ ಗಡಿ ದಾಟಿದರೆ ಅಲ್ಲಿಂದ ಪೋಖರಾಕ್ಕೆ ಬಸ್ಸು ಸಿಗುತ್ತದೆ. ಸುಸ್ತಾಗುತ್ತದೆ, ಆದರೆ ವಿಮಾನಕ್ಕಿಂತ ಬಹಳ ಕಡಿಮೆ. ಇನ್ನೊಂದು, ಅಲ್ಲಿ ಶಾಲೆಯ ಹೊಸ ವರ್ಷ ಶುರುವಾಗುವುದು ಏಪ್ರಿಲ್ ನಡುವೆ, ಅದಕ್ಕೆ ಮೊದಲು ಪರೀಕ್ಷೆ, ರಜೆ. ಶಿಕ್ಷಕರ ಜೊತೆ ಕೆಲಸ ಇದ್ದರೆ ಮೇ ತಿಂಗಳು ಇಟ್ಟುಕೊಳ್ಳಿ, ಪೊಲೀಸ್ ಸರ್ಟಿಫಿಕೇಟಿಗೆ ಬಹಳ ಮುಂಚೆ, ಅಡಿಕೆ ಕೊಯ್ಲಿನ ಹೊತ್ತಿಗೇ ಅರ್ಜಿ ಹಾಕಿ.